ರಿಸೆಪ್ಟರ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಕಡೆ ಆಶಾ ಕಾರ್ಯಕರ್ತೆಯರ ತರಬೇತಿಗೆ ಒಂದು ಗೋಡೆಪಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಅನ್ನೋದು ವಿಷಯ. ಗರ್ಭಕೋಶದ ಹಾರ್ಮೋನ್ ರಿಸೆಪ್ಟರ್‌ಗೆ, ಅಂದರೆ ಹಾರ್ಮೋನನ್ನು ಹಿಡಿದು ಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನ್‌ಗೆ, ‘ಗ್ರಾಹಕ’ ಅಂತ ಹಾಕಬಹುದಾ? ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು.

*

ತುಮಕೂರಿನಿಂದ ಬರೆಯುತ್ತಿದ್ದೇನೆ. ‘ಗ್ರಾಹಕ’ ಬೇಡವೇ ಬೇಡ. ಬ್ಯಾಂಕು, ಗ್ಯಾಸ್ ಏಜೆನ್ಸಿ, ಎಲ್ಲ ಕಡೆ ‘ಗ್ರಾಹಕರ ಗಮನಕ್ಕೆ’ ಅಂತ ಓದುವವರು ‘ಗರ್ಭಕೋಶದಲ್ಲಿ ಗ್ರಾಹಕಗಳು ಹೆಚ್ಚುತ್ತವೆ’ ಅಂದರೆ ಏನಂತ ತಿಳಿಯಬೇಕು?

ಇದೇ ಪ್ರಶ್ನೆಗೆ ಉತ್ತರವಾಗಿ ಇಲ್ಲಿ ಒಬ್ಬರು ‘ಹಿಡಿಕ’ ಅನ್ನಿ ಅಂದಿದ್ದಾರೆ. ಅದನ್ನು ಎಲ್ಲರೂ ಹಿಡಿಕೆ ಅಂತಲೇ ಓದುತ್ತಾರೆ, ಕುಡುಗೋಲಿನ ಹಿಡಿಕೆ. ಬಿಡಿ. ಇನ್ನೊಬ್ಬರ ‘ಹಾರ್ಮೋನ್ ಬಾಗಿಲು’ ಪೂರ್ತಿ ತಪ್ಪು. ಆಕ್ಸಿಟೋಸಿನ್ ಅಂದರೆ ಗರ್ಭಕೋಶವನ್ನು ಬಿಗಿಯಿಸುವ ಹಾರ್ಮೋನ್. ಅದರ ರಿಸೆಪ್ಟರ್ ಸ್ನಾಯುಕೋಶದ ಹೊರಪೊರೆಯಲ್ಲಿರುತ್ತದೆ. ಹಾರ್ಮೋನ್ ಹೊರಗಡೆಯೇ ಅಂಟಿಕೊಳ್ಳುತ್ತದೆ, ಒಳಗೆ ಹೋಗೋದು ಸುದ್ದಿ ಮಾತ್ರ. ಬಸಿರನ್ನು ಕಾಯುವ ಹಾರ್ಮೋನ್ ಪ್ರೊಜೆಸ್ಟರಾನ್. ಅದರ ರಿಸೆಪ್ಟರ್ ಕೆಲಸ ಮಾಡೋದು ಕೋಶದ ಒಳಗೆ, ಜೀನ್‌ಗಳ ಮೇಲೆ. ಎರಡರಲ್ಲೂ ಬಾಗಿಲು ಎಲ್ಲಿದೆ?

ಪದ ಆರಿಸುವ ಮೊದಲು ಅದು ಮಾಡುವ ಕೆಲಸ ನೋಡಬೇಕು ಅಲ್ವಾ? ಬಸಿರಿನುದ್ದಕ್ಕೂ ಪ್ರೊಜೆಸ್ಟರಾನ್ ಗರ್ಭಕೋಶದ ಸ್ನಾಯುವನ್ನು ಸುಮ್ಮನಿರಿಸುತ್ತದೆ. ಕುರಿ ಈಯುವ ಮುಂಚೆ ರಕ್ತದಲ್ಲಿ ಅದು ಇಳಿಯುತ್ತದೆ. ಹೆಂಗಸರಲ್ಲಿ ಹಾಗಲ್ಲ, ಮಾಸು ಬೀಳುವ ತನಕ ಮಟ್ಟ ಜಾಸ್ತಿಯೇ ಇರುತ್ತದೆ. ಬದಲಾಗೋದು ಅದರ ರಿಸೆಪ್ಟರ್. ಎ, ಬಿ ಅಂತ ಎರಡು ಬಗೆ ಇವೆ. ಸ್ನಾಯುವನ್ನು ಸುಮ್ಮನಿರಿಸೋದು ಮುಖ್ಯವಾಗಿ ಬಿ. ದಿನ ತುಂಬುತ್ತಿದ್ದಂತೆ ಎ ಪಾಲು ಏರುತ್ತದೆ. ಆಗ ರಕ್ತದಲ್ಲಿ ಪ್ರೊಜೆಸ್ಟರಾನ್ ಎಷ್ಟಿದ್ದರೂ ಅದರ ಮಾತು ನಡೆಯುವುದಿಲ್ಲ. ಸ್ನಾಯುವನ್ನು ಬಿಗಿಯಲು ಸಜ್ಜುಮಾಡುವ ಇನ್ನೊಂದು ಹಾರ್ಮೋನ್ ಈಸ್ಟ್ರೋಜೆನ್ ಕೈ ಮೇಲಾಗುತ್ತದೆ, ಆಕ್ಸಿಟೋಸಿನ್ ರಿಸೆಪ್ಟರ್‌ಗಳು ಹಲವು ಪಟ್ಟು ಹೆಚ್ಚುತ್ತವೆ. ಸ್ನಾಯುಕೋಶಗಳ ನಡುವೆ ಕೊಂಡಿಗಳು ಬೆಳೆದು, ಎಲ್ಲ ಒಟ್ಟಿಗೆ ಬಿಗಿಯುತ್ತವೆ. ಅದೇ ಆಕ್ಸಿಟೋಸಿನ್ ಡ್ರಿಪ್ ನಾಲ್ಕೈದು ತಿಂಗಳಲ್ಲಿ ಅಷ್ಟಾಗಿ ಕೆಲಸ ಮಾಡದೆ, ದಿನ ತುಂಬಿದಾಗ ನೋವು ಬರಿಸುವುದು ಇದಕ್ಕೇ. ‘ಆಕ್ಸಿಟೋಸಿನ್ ಹೆಚ್ಚಾಗಿ ಹೆರಿಗೆಯಾಗುತ್ತದೆ’ ಅಂತಷ್ಟೇ ಬರೆದರೆ ಅರ್ಧ ಮಾತು. ನಿಮ್ಮ ಪಟದಲ್ಲಿ ಅದಿದ್ದರೆ ತಿದ್ದಿ.

ಹಾಗಾಗಿ ‘ರಿಸೆಪ್ಟರ್’ ಅಂತಲೇ ಬರೆಯಿರಿ. ಹಾರ್ಮೋನ್, ಆಕ್ಸಿಟೋಸಿನ್ ಎರಡನ್ನೂ ಇಟ್ಟುಕೊಂಡು ಇದೊಂದಕ್ಕೆ ಮಡಿ ಯಾಕೆ? ಇಂಗ್ಲಿಷ್ ಬೇಡ, ಸಂಸ್ಕೃತ ಇರಲಿ ಅನ್ನುವವರ ತರ್ಕ ನನಗೆ ಒಪ್ಪಿಗೆಯಿಲ್ಲ. ಎರಡೂ ಕಡ ತಂದವೇ. ಕೇಳಿದವಳಿಗೆ ಯಾವುದು ಬೇಗ ತಲೆಗೆ ಹೋಗುತ್ತದೋ ಅದು ಸರಿ.

ನಮ್ಮದೇ ಪದ ಇರುವ ಕಡೆ ಮಾತ್ರ ಬಿಟ್ಟುಕೊಡಬೇಡಿ. ‘ಪ್ರಸವ ವೇದನೆಯ ಪ್ರಚೋದನೆ’ ಅಂತ ದಯವಿಟ್ಟು ಹಾಕಬೇಡಿ. ಹೆರಿಗೆ, ನೋವು, ಬಸಿರು, ಮಾಸು ಎಲ್ಲ ಇವೆ. ಹೆರಿಗೆಗೇ ಇರುವ ಹಳೆಯ ಪದ ‘ಸೂಲು’, ಎಂಥ ಪದ ನೋಡಿ! ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ದೇಶವೆಲ್ಲ ಅವರನ್ನು ಕರೆದದ್ದು ಆ ಹೆಸರಿನಿಂದಲೇ. ದನದ ಜಾತ್ರೆಯಲ್ಲಿ ಈಗಲೂ ‘ಎಷ್ಟನೇ ಸೂಲು?’ ಅಂತ ಕೇಳಿಯೇ ಹಸುವಿಗೆ ಬೆಲೆ ಕಟ್ಟೋದು. ಆದರೆ ಹೆಂಗಸರ ಹೆರಿಗೆಗೆ ಇವತ್ತು ಅದನ್ನು ಯಾರೂ ಅಷ್ಟಾಗಿ ಬಳಸೋದಿಲ್ಲ. ಪಟಕ್ಕೆ ಹೆರಿಗೆಯೇ ಇರಲಿ.

ಪಟಕ್ಕೆ ಹೀಗೆ ಹಾಕಿ:

‘ರಿಸೆಪ್ಟರ್: ಹಾರ್ಮೋನನ್ನು ಹಿಡಿದುಕೊಂಡು ಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನ್. ದಿನ ತುಂಬಿದಾಗ ಗರ್ಭಕೋಶದಲ್ಲಿ ಆಕ್ಸಿಟೋಸಿನ್ ರಿಸೆಪ್ಟರ್‌ಗಳು ಜಾಸ್ತಿಯಾಗುತ್ತವೆ. ಆಗ ಸ್ವಲ್ಪ ಆಕ್ಸಿಟೋಸಿನ್ ಇದ್ದರೂ ಗರ್ಭಕೋಶ ಬಿಗಿದು ನೋವು ಬರುತ್ತದೆ.’

ಎರಡನೇ ಸಾಲಿನ ಪಕ್ಕ ಎರಡು ಚಿತ್ರ ಬರೆಸಿ. ಐದು ತಿಂಗಳ ಗರ್ಭಕೋಶದ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ, ದಿನ ತುಂಬಿದ್ದರ ಮೇಲೆ ಒತ್ತೊತ್ತಾಗಿ ಚುಕ್ಕಿ. ಪ್ರಿಂಟಿಗೆ ಕೊಡುವ ಮುಂಚೆ ಒಬ್ಬ ಆಶಾ ಕಾರ್ಯಕರ್ತೆಗೆ ಓದಿ ಹೇಳಿ. ಆಕೆ ಎಲ್ಲಿ ತಡೆದು ಕೇಳುತ್ತಾರೋ ಆ ಸಾಲನ್ನು ಇಲ್ಲಿ ಕಳಿಸಿ, ರಾತ್ರಿಯಾದರೂ ಪರವಾಗಿಲ್ಲ, ನೋಡುತ್ತೇನೆ.