ಮೇಷ್ಟ್ರು ಕಾದರು

"ದಯವಿಟ್ಟು ಕಾಯಿರಿ ಅಂತ ಇಂಗ್ಲಿಷಲ್ಲಿ ಬರೆದಿದೆ. ಅದಕ್ಕೇ ಕಾಯ್ತಾ ಇದ್ದೀನಿ" ಎಂದರು ಮೇಷ್ಟ್ರು.

"ಎಷ್ಟು ಹೊತ್ತಿಂದ?"

"ತಿಂಡಿ ಆದಾಗಿಂದ."

ಆಗ ಹನ್ನೊಂದೂವರೆ. ಸರಸ್ವತಿಪುರಂನ ಅವರ ಮನೆ ವರಾಂಡದಲ್ಲಿ ನಾವು ನಾಲ್ಕು ಜನ. ಲೆಕ್ಕ ಪಾಠ ಮಾಡಿ ರಿಟೈರಾದ ಮೇಷ್ಟ್ರು, ಪಕ್ಕದ ಮನೆ ವಕೀಲರು, ಬ್ಯಾಂಕಿನಲ್ಲಿದ್ದ ರಾಯರು, ನಾನು. ಮುಂದಿನ ರಸ್ತೆಯಲ್ಲಿ ಯಾರೋ ಗುಂಡಿ ತೋಡುವಾಗ ಕೇಬಲ್ ಕತ್ತರಿಸಿದ್ದರಿಂದ ಇಡೀ ಬೀದಿಗೆ ನೆಟ್ ಇಲ್ಲ. ಮೇಷ್ಟ್ರ ಲ್ಯಾಪ್‌ಟಾಪ್ ತೀರಾ ಹಳೆಯದು. ವಿಂಡೋಸ್ ಹಾಕಿದರೆ ಅದಕ್ಕೆ ಉಬ್ಬಸ ಬರುತ್ತದೆ ಅಂತ ಮಗ ಅದರ ಬದಲಿಗೆ ಉಬುಂಟು ಅನ್ನೋ ಲಿನಕ್ಸ್ ಹಾಕಿಕೊಟ್ಟು ಹೋಗಿದ್ದಾನೆ. ಯಾವುದೋ ಒಂದು ಕಚೇರಿ ಕಳಿಸಿದ ಪಿಡಿಎಫ್ ಫಾರಂ ಅದರಲ್ಲಿ ತೆರೆದುಕೊಂಡಿತ್ತು. ಫಾರಂ ಮಾತ್ರ ಕಾಣುತ್ತಿರಲಿಲ್ಲ.

"ನೆಟ್ ಬಂದ ಮೇಲೆ ಬರುತ್ತೇನೋ" ಎಂದರು ರಾಯರು.

"ನಾಳೆ ಬಂದರೂ ಬರೋದಿಲ್ಲ ಸಾರ್. ಆ 'ಕಾಯಿರಿ' ಅನ್ನೋದೇ ಆ ಫೈಲಿನ ಮೊದಲನೇ ಪುಟ. ಅಲ್ಲಿ ಯಾರೂ ಏನೂ ಕೆಲಸ ಮಾಡ್ತಾ ಇಲ್ಲ" ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಜಂಬೂ ಸವಾರಿಗೆ ಅಂತ ಬೆಳಿಗ್ಗೆಯೇ ಟವೆಲ್ ಹಾಸಿ ಸಯ್ಯಾಜಿ ರಾವ್ ರಸ್ತೆಯಲ್ಲಿ ಜಾಗ ಹಿಡಿದವರು ಅವರು. ಅಲ್ಲಿ ಕೊನೆಗೆ ಆನೆಯಾದರೂ ಬರುತ್ತಿತ್ತು.

ವಿಷಯ ಇಷ್ಟೇ. ಪಿಡಿಎಫ್ ಫಾರಂಗಳಲ್ಲಿ ಎರಡು ಜಾತಿ. ಒಂದು ಆಕ್ರೋಫಾರಂ, ಸಾಧು ಪ್ರಾಣಿ. ಉಬುಂಟು ಜೊತೆಗೇ ಬರುವ ಪಿಡಿಎಫ್ ಓದುಗ, ಓಕ್ಯುಲರ್ ಅನ್ನೋ ಇನ್ನೊಂದು ಓದುಗ, ಎಲ್ಲದರಲ್ಲೂ ತುಂಬಬಹುದು. ಇನ್ನೊಂದು ಎಕ್ಸ್‌ಎಫ್‌ಎ. ಇದರ ನಿಜವಾದ ಫಾರಂ ಒಳಗೆ ಎಕ್ಸ್‌ಎಂಎಲ್ ಅನ್ನೋ ಸಂಕೇತ ಭಾಷೆಯಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಬಿಡಿಸಲು ಬಾರದ ತಂತ್ರಾಂಶಕ್ಕೆ ಸಾಮಾನ್ಯವಾಗಿ ಮೇಲಿನ ನೋಟಿಸ್ ಪುಟ ಮಾತ್ರ ಕಾಣುತ್ತದೆ. 2017ರ ಪಿಡಿಎಫ್ 2.0 ಮಾನಕದಲ್ಲೇ ಇದನ್ನು ಕೈಬಿಟ್ಟಾಗಿದೆ. ಆದರೆ ಕಚೇರಿಗಳು ಹಳೆಯ ಫಾರಂ ಅಷ್ಟು ಸುಲಭವಾಗಿ ಬಿಡುತ್ತವಾ?

"ಅಡೋಬಿ ಕಂಪನಿಯ ಪಿಡಿಎಫ್ ಓದುಗನನ್ನೇ ಹಾಕಿಬಿಡಿ" ಎಂದರು ವಕೀಲರು.

"ಲಿನಕ್ಸಿಗೆ ಅವರು ಕೊನೆಯದಾಗಿ ಕೊಟ್ಟಿದ್ದು 9.5.5 ಆವೃತ್ತಿ. ಅದೂ 2013ರಲ್ಲಿ."

"ಹಾಗಾದರೆ ಕೇಸ್ ವಜಾ."

ವಜಾ ಏನಲ್ಲ. ಫೈರ್‌ಫಾಕ್ಸ್ ಇದೆಯಲ್ಲ. 2021ರ 93ನೇ ಆವೃತ್ತಿಯಿಂದ ಅದು ಎಕ್ಸ್‌ಎಫ್‌ಎ ಫಾರಂ ತೆರೆಯುತ್ತದೆ. ನೆಟ್ಟೇ ಇಲ್ಲದಿರುವಾಗ ಬ್ರೌಸರ್ ತೆಗೆದು ಏನು ಮಾಡೋದು ಅಂತ ಮೂವರೂ ಒಟ್ಟಿಗೆ ಕೇಳಿದರು. ಫೈಲು ನಮ್ಮ ಡಿಸ್ಕಿನಲ್ಲೇ ಇರುವಾಗ ನೆಟ್ ಯಾಕೆ ಬೇಕು? ಕಂಟ್ರೋಲ್ ಓ ಒತ್ತಿ ಆರಿಸಿದೆ. ನಾಲ್ಕು ಪುಟದ ಫಾರಂ ತಿಳಿನೀಲಿ ಚೌಕಗಳ ಸಮೇತ ಬಂತು.

ಮೇಷ್ಟ್ರಿಗೆ ಖುಷಿಗಿಂತ ಭಯವೇ ಜಾಸ್ತಿ. ಹಿಂದಿನ ದಿನ ಇನ್ನೊಂದು ಫಾರಂ ಹೀಗೇ ಪೂರ್ತಿ ತುಂಬಿ, ಆಯ್ತು ಅಂತ ಟ್ಯಾಬ್ ಮುಚ್ಚಿ, ಮತ್ತೆ ತೆರೆದರೆ ಮದುವೆ ಮನೆಯ ಹೊಸ ಬಾಳೆಲೆ ಹಾಗೆ ಖಾಲಿ. ಪರದೆಯಲ್ಲಿ ಕಂಡಿದ್ದೆಲ್ಲ ಫೈಲಿಗೆ ಹೋಗಿದೆ ಅಂತ ನಂಬಿದ್ದರು. ಹೋಗಿರಲಿಲ್ಲ.

"ಮೇಲೆ ಬಲಗಡೆ ಕೆಳಮುಖ ಬಾಣ ಇದೆ ನೋಡಿ, ಅದನ್ನು ಒತ್ತಿ."

"ಅದು ಡೌನ್‌ಲೋಡ್ ಅಲ್ವಾ? ಡೌನ್‌ಲೋಡ್ ಆಗಿರೋದನ್ನೇ ಮತ್ಯಾಕೆ?"

ನ್ಯಾಯವಾದ ಪ್ರಶ್ನೆ. ಆ ಬಾಣ ಒತ್ತಿದರೆ ಬರುವುದು ನಾವು ತುಂಬಿದ ಪ್ರತಿ. ಬೇರೆ ಹೆಸರು ಕೊಟ್ಟು ಉಳಿಸಿದೆವು. ಮುಚ್ಚಿ, ಮತ್ತೆ ಫೈರ್‌ಫಾಕ್ಸ್‌ನಲ್ಲೇ ತೆರೆದೆವು. ಹೆಸರು, ಜನ್ಮದಿನಾಂಕ ಎಲ್ಲ ಕೂತಲ್ಲೇ ಕೂತಿತ್ತು. ರಾಯರು ಒಂದೊಂದು ಸಾಲನ್ನೂ ಹಳೆಯ ಲೆಡ್ಜರಿನ ಹಾಗೆ ಬೆರಳಿಟ್ಟು ತಾಳೆ ನೋಡಿದರು.

"ನಾನು ಪ್ರಿಂಟ್‌ಗೆ ಹೋಗಿ ಪಿಡಿಎಫ್ ಮಾಡಿಬಿಡ್ತೀನಿ. ಅದೂ ಉಳಿಸಿದ ಹಾಗೇ ತಾನೇ?" ಎಂದರು ವಕೀಲರು.

ಅದು ಅಪಾರ್ಟ್‌ಮೆಂಟ್ ಬಾಗಿಲ ಮುಂದಿನ ಪೇಂಟ್ ರಂಗೋಲಿ. ಚೆನ್ನಾಗಿ ಕಾಣುತ್ತದೆ, ಯಾವ ಕಂಪ್ಯೂಟರಿನಲ್ಲೂ ಒಂದೇ ಥರ ಇರುತ್ತದೆ. ಆದರೆ ಒಂದು ಚುಕ್ಕಿ ತಪ್ಪಾಗಿದ್ದರೂ ಅಳಿಸಿ ಬಿಡಿಸುವ ಹಾಗಿಲ್ಲ. ತುಂಬುವ ಚೌಕಗಳೇ ಹೋಗಿಬಿಡುತ್ತವೆ. ಪುಡಿ ರಂಗೋಲಿ ಒಂದು ಪ್ರತಿ ಇಟ್ಟುಕೊಂಡೇ ಪೇಂಟ್ ಹಚ್ಚಬೇಕು. ವಕೀಲರು ಹಚ್ಚಿ ಆಗಿತ್ತು ಅನ್ನಿಸುತ್ತದೆ. ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಮೂರನೇ ಪುಟದಲ್ಲಿ ವಿಳಾಸ ಕನ್ನಡದಲ್ಲಿ ಬೇಕು ಅಂತ ಕೇಳಿತು. ಮೇಷ್ಟ್ರು ಟೈಪ್ ಮಾಡಿದರೆ ಬರೀ ಡಬ್ಬಿಗಳು. ಆ ಚೌಕಕ್ಕೆ ಯಾಕೋ ಕನ್ನಡ ಹಿಡಿಸಲಿಲ್ಲ. ಲಿಬ್ರೆಆಫೀಸ್ ಡ್ರಾ ಅನ್ನೋ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆಗೆದು ತಿದ್ದೋಣ ಅಂತ ಹಿಂದೊಮ್ಮೆ ನಾನು ಬೇರೊಂದು ಕನ್ನಡ ಪಿಡಿಎಫ್ ತೆಗೆದಿದ್ದೆ. 'ಶ್ರೀರಂಗಪಟ್ಟಣ'ದ ಒತ್ತುಗಳು ಒಂದು ಕಡೆ, ಅಕ್ಷರ ಒಂದು ಕಡೆ ಹೋಗಿದ್ದವು. ಆ ಸಾಹಸ ಬೇಡ ಎಂದೆ. ಮಿಕ್ಕಿದ್ದೆಲ್ಲ ತುಂಬಿ, ಪೇಂಟ್ ಪ್ರತಿ ತೆಗೆದು, ಅದನ್ನು ಪಿಡಿಎಫ್ ಮೇಲೆ ಬರೆಯಲು ಬಿಡುವ ಕ್ಸೋರ್ನಲ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಖಾಲಿ ಜಾಗದ ಮೇಲೆ ಕನ್ನಡದಲ್ಲಿ ಬರೆದು, ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡಿದೆವು. 'ಸರಸ್ವತಿಪುರಂ' ಒತ್ತಿನ ಸಮೇತ ಠಾಕು ಠೀಕಾಗಿ ಬಂತು.

ಮೇಷ್ಟ್ರು ಎರಡೂ ಪ್ರತಿಗಳನ್ನು ಪೆನ್‌ಡ್ರೈವಿಗೂ ಹಾಕಿಸಿಕೊಂಡರು. ಒಳಗಿನಿಂದ ಕೋಡುಬಳೆ ಬಂತು.

"ಇನ್ನು ಕಳಿಸಿಬಿಡೋದೇ" ಎಂದರು ರಾಯರು.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಳಿಸೋಕೆ ನೆಟ್ ಬೇಕಲ್ಲ. ಮೇಷ್ಟ್ರು ಕೇಬಲ್ ಹುಡುಗನಿಗೆ ಫೋನ್ ಮಾಡಿದರು, ಸ್ಪೀಕರ್ ಹಾಕಿ.

"ಸ್ವಲ್ಪ ಕಾಯ್ಬೇಕು ಸಾರ್" ಎಂದ ಅವನು.

ಮೇಷ್ಟ್ರು ಫೋನ್ ಇಟ್ಟು ಕೋಡುಬಳೆ ತಟ್ಟೆ ಹತ್ತಿರ ಎಳೆದುಕೊಂಡರು. "ಇವನು ಪರವಾಗಿಲ್ಲ ಕಣ್ರೀ. ಇವನ ಹಿಂದೆ ಕೆಲಸ ಮಾಡೋರು ಯಾರೋ ಇದ್ದಾರೆ."