ಅಪ್‌ಡೇಟ್: ದೇವರನ್ನು ನಂಬಲ್ಲ ಅಂತ ಮನೆಯಲ್ಲಿ ಹೇಳಿಯೇಬಿಟ್ಟೆ

ಪುರೋಹಿತರು, ಮುಹೂರ್ತ ಬೇಡ, ಕುವೆಂಪು ರೂಪಿಸಿದ ಸರಳ ಮದುವೆ ಪದ್ಧತಿಯಾದ ಮಂತ್ರ ಮಾಂಗಲ್ಯದಲ್ಲೇ ಮದುವೆಯಾಗ್ತೀನಿ ಅಂತ ಮನೆಯಲ್ಲಿ ಹೇಳೋದು ಹೇಗೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಹೇಳಿದ್ದಾಯ್ತು.

ವಚನ ಹೇಳಿ ವಾದ ಮಾಡಿ ಎಂಬ ಸಲಹೆ ಕೈಕೊಟ್ಟಿತು. ಅಪ್ಪ ಇನ್ನೆರಡು ವಚನ ಹೇಳಿ ನನ್ನ ಬಾಯಿ ಮುಚ್ಚಿಸಿದರು! 'ಒಬ್ಬೊಬ್ಬರಿಗೇ ಹೇಳಿ, ಅವರ ನಂಬಿಕೆಯ ತಂಟೆಗೆ ಹೋಗಬೇಡಿ' ಎಂದು ಇಲ್ಲೊಬ್ಬರು ಹೇಳಿದ್ದರಲ್ಲ, ಅದು ಫಲಿಸಿತು. ಅವರೆಕಾಳು ಹಿತುಕುತ್ತಾ ಅಮ್ಮನಿಗೆ ಹೇಳಿದೆ: "ನಿನ್ನ ದೀಪ ನೀನು ಹಚ್ಚಮ್ಮ. ನನಗೆ ನಂಬಿಕೆ ಇಲ್ಲ, ಅಷ್ಟೇ." ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಊಟಕ್ಕೆ ಎಷ್ಟು ಜನ?" ಅಂದಳು.

ಕುವೆಂಪು ಮಗ ತೇಜಸ್ವಿ 1966ರಲ್ಲೇ ಹೀಗೆ ಮದುವೆಯಾಗಿದ್ದು ನಮ್ಮಜ್ಜಿಗೆ ಗೊತ್ತಿತ್ತು! ಅಪ್ಪನ ಮುನಿಸು ಇನ್ನೂ ಇದೆ, ಆದರೂ ಬರ್ತಾರಂತೆ. ಅಂದಹಾಗೆ, ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸೋದಾದರೆ 30 ದಿನ ಮೊದಲೇ ನೋಟಿಸ್ ಕೊಡಬೇಕು.