ಕಾಯಿಲ್ ಬದಲಿಸಿದರೂ ಮೂರನೇ ಸಿಲಿಂಡರ್ ಮಿಸ್: ಇಸಿಎಂ ಹೋಗಿದೆಯೇ?

ಬಿಳಿಗಾಡಿ:

ಎಲ್ಲರಿಗೂ ನಮಸ್ಕಾರ. ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ, ಹನ್ನೊಂದು ವರ್ಷ ಹಳೆಯದು. ಮೂರು ವಾರದ ಹಿಂದೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಇದ್ದಕ್ಕಿದ್ದಂತೆ ಎಂಜಿನ್ ನಡುಗತೊಡಗಿತು, ಚೆಕ್ ಎಂಜಿನ್ ಲೈಟ್ ಮಿಣುಕಿತು. ಸ್ಕ್ಯಾನರ್ ಹಾಕಿದರೆ ಪಿ0303 (ಮೂರನೇ ಸಿಲಿಂಡರ್ ಮಿಸ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ) ಮತ್ತು ಪಿ0353 (ಅದರ ಕಾಯಿಲ್, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಭಾಗದ ಸರ್ಕ್ಯೂಟಿನಲ್ಲಿ ತೊಂದರೆ). ಮೂರನೇ ಸಿಲಿಂಡರಿನ ಕಾಯಿಲ್ ಬಿಚ್ಚಿ ನೋಡಿದೆ, ಪಕ್ಕದಲ್ಲಿ ಸೀಳು ಬಿಟ್ಟು ಸುಟ್ಟ ವಾಸನೆ ಬರುತ್ತಿತ್ತು. ಹೊಸ ಕಾಯಿಲ್ ಹಾಕಿಸಿ ಪ್ಲಗ್ಗೂ ಬದಲಿಸಿದೆ. ಆದರೂ ಅದೇ ನಡುಕ, ಅದೇ ಕೋಡ್. ಎರಡನೆಯ ಮತ್ತು ಮೂರನೆಯ ಕಾಯಿಲ್‌ಗಳನ್ನು ಅದಲುಬದಲು ಮಾಡಿದೆ. ಮಿಸ್ ಮಾತ್ರ ಮೂರನೆಯದನ್ನು ಬಿಟ್ಟು ಅಲ್ಲಾಡಲಿಲ್ಲ.

ಗ್ಯಾರೇಜಿನವರು ಈಗ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಬದಲಿಸಿಬಿಡೋಣ ಅನ್ನುತ್ತಿದ್ದಾರೆ. ಏನು ಪರೀಕ್ಷೆ ಮಾಡಿದಿರಿ ಎಂದು ಕೇಳಿದರೆ "ಇನ್ನೇನು ಉಳಿದಿದೆ ಹೇಳಿ" ಎಂಬ ಉತ್ತರ. ನನ್ನ ಹತ್ತಿರ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್ ಇವೆ, ಗಾಡಿಯ ವೈರಿಂಗ್ ನಕ್ಷೆಯೂ ಇದೆ. ಹೊಸದನ್ನು ತರಿಸುವ ಮೊದಲು ನಾನೇ ಖಚಿತ ಮಾಡಿಕೊಳ್ಳಬಹುದೇ? ಕಾಯಿಲ್‌ಗೆ ಎರಡೇ ವೈರು.

ಸಂಜೆಸವಾರ:

ನನಗೂ ಹೀಗೇ ಹೇಳಿದ್ದರು. ನೋಡಲು ಒಂದೇ ಥರ ಇದ್ದ ಹಳೆಯ ಇಸಿಎಂ ತಂದು ಹಾಕಿದೆ. ಸ್ಟಾರ್ಟ್ ಆಗುತ್ತದೆ, ಎರಡು ಸೆಕೆಂಡಿಗೆ ಆಫ್. ಗಾಡಿ ಇನ್ನೂ ನಿಂತಲ್ಲೇ ಇದೆ. ಯಾರಾದರೂ ತಿಳಿದವರು ಉತ್ತರಿಸಿದರೆ ನನಗೂ ಉಪಕಾರ.

ತಾಮ್ರದೆಳೆ:

ಬಿಳಿಗಾಡಿಯವರೇ, ಇನ್ನೂ ಆರ್ಡರ್ ಕೊಡಬೇಡಿ.

ನಾನು ಗಾಡಿ ವೈರಿಂಗ್ ಕೆಲಸಕ್ಕೆ ಕೂತು ಇಪ್ಪತ್ತಾರು ವರ್ಷವಾಯಿತು. ಸತ್ತಿದೆ ಎಂದು ನನ್ನ ಬೆಂಚಿಗೆ ಬಂದ ಇಸಿಎಂಗಳಲ್ಲಿ ಎಷ್ಟೋ ಚೆನ್ನಾಗಿಯೇ ಇದ್ದವು. ನಿಜವಾಗಿ ಸತ್ತವುಗಳಲ್ಲೂ ತಾವಾಗಿ ಸತ್ತವು ಕಡಿಮೆ. ಒಳಗೆ ನೀರು ಹೋಗಿರುತ್ತದೆ, ಯಾರೋ ಬ್ಯಾಟರಿ ಉಲ್ಟಾ ಕೊಟ್ಟಿರುತ್ತಾರೆ, ಇಲ್ಲವೇ ಹೊರಗಿನ ಒಂದು ಪಾರ್ಟು ಶಾರ್ಟ್ ಆಗಿ ಒಳಗಿನ ಡ್ರೈವರನ್ನು (ಕರೆಂಟ್ ಹರಿಸಿ ನಿಲ್ಲಿಸುವ ಸ್ವಿಚ್ಚಿನಂಥ ಭಾಗವನ್ನು) ಸುಟ್ಟಿರುತ್ತದೆ. ಕೊಂದದ್ದು ಯಾವುದೆಂದು ತಿಳಿಯದೆ ಹೊಸದು ಹಾಕಿದರೆ ಅದನ್ನೂ ಅದೇ ಕೊಲ್ಲುತ್ತದೆ. ನಿಮ್ಮ ಸೀಳಿದ ಕಾಯಿಲ್ ಬಗ್ಗೆ ನನಗೆ ಅನುಮಾನ ಬಲವಾಗಿದೆ. ಅದನ್ನು ಎಸೆದಿಲ್ಲ ತಾನೇ?

ಎರಡು ವೈರಿನ ಕಾಯಿಲ್ ಎಂದರೆ ಒಂದರಲ್ಲಿ ಕೀ ಆನ್ ಇದ್ದಾಗ 12 ವೋಲ್ಟ್ ಬರುತ್ತದೆ. ಇನ್ನೊಂದನ್ನು, ಅಂದರೆ ಕಂಟ್ರೋಲ್ ವೈರನ್ನು, ಇಸಿಎಂ ಒಳಗಿನ ಡ್ರೈವರ್ ಅರ್ತಿಗೆ (ಬ್ಯಾಟರಿ ಮೈನಸ್ ಕಡೆಗೆ) ಎಳೆದು ಬಿಡುತ್ತದೆ, ಬಿಟ್ಟ ಕ್ಷಣ ಕಿಡಿ. ಮೂರನೇ ಕಾಯಿಲ್‌ನ ಕಪ್ಲರ್ (ವೈರುಗಳನ್ನು ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆ) ಬಿಚ್ಚಿ. ಆ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕಪ್ಲರನ್ನೂ ಬಿಚ್ಚಿಡಿ, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುವುದು ಬೇಡ. ಮೊದಲು ಕೀ ಆನ್ ಮಾಡಿ 12 ವೋಲ್ಟ್ ಇದೆಯೇ ನೋಡಿ. ಆಮೇಲೆ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಪ್ಲಸ್ಸಿಗೆ ಹಾಕಿ, ಮೊನೆಯನ್ನು ಕಂಟ್ರೋಲ್ ವೈರಿಗೆ ಮುಟ್ಟಿಸಿ, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ದೀಪ ಮಿಣಮಿಣ ಅಂದರೆ ಡ್ರೈವರ್ ಸರಿ ಇದೆ. ನಿಂತು ಉರಿದರೆ ಡ್ರೈವರ್ ಶಾರ್ಟ್ ಅಥವಾ ವೈರು ಎಲ್ಲೋ ಅರ್ತಿಗೆ ತಗುಲಿದೆ. ಹಾಗಿದ್ದರೆ ಹೊಸ ಕಾಯಿಲ್ ಸಿಕ್ಕಿಸಿ ಕೀ ಆನ್ ಇಡಬೇಡಿ, ಅದೂ ಸುಡುತ್ತದೆ. ದೀಪ ಹತ್ತಲೇ ಇಲ್ಲವೆಂದರೆ ವೈರು ಕಡಿದಿದೆ, ಇಲ್ಲವೇ ಡ್ರೈವರ್ ಹೋಗಿದೆ. ಒಳ್ಳೆಯ ಸಿಲಿಂಡರಿನಲ್ಲೂ ಇದೇ ಮಾಡಿ ಹೋಲಿಸಿ. (ಮೂರು, ನಾಲ್ಕು ವೈರಿನ ಕಾಯಿಲ್ ಇದ್ದವರು ಬಲ್ಬಿನ ಲ್ಯಾಂಪ್ ಮುಟ್ಟಿಸಬೇಡಿ. ಅಲ್ಲಿ ಸಾಮಾನ್ಯವಾಗಿ ಡ್ರೈವರ್ ಕಾಯಿಲ್ ಒಳಗೇ ಇರುತ್ತದೆ, ಇಸಿಎಂ ಬರೀ ಸಣ್ಣ ಸಿಗ್ನಲ್ ಕಳಿಸುತ್ತದೆ.)

ಇಲ್ಲಿಂದ ಮುಂದೆ ಹೆಚ್ಚಿನವರು ಎಡವುವುದು. ಬ್ಯಾಟರಿ ಮೈನಸ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಇಸಿಎಂ ಕಪ್ಲರ್ ಬಿಚ್ಚಿ ಆ ವೈರಿನ ಎರಡು ತುದಿಗೆ ಮೀಟರ್ ಹಿಡಿಯುತ್ತಾರೆ, ಬೀಪ್ ಅಂತು, ವೈರು ಸರಿ ಎಂದು ಬಿಡುತ್ತಾರೆ. ನಾನೂ ಒಮ್ಮೆ ಹಾಗೆ ಬಿಟ್ಟಿದ್ದೆ. ಹೊಸ ಇಸಿಎಂ ಹಾಕಿದ ಮೇಲೂ ಮಿಸ್ ನಿಲ್ಲಲಿಲ್ಲ. ಟೇಪು ಬಿಚ್ಚುತ್ತ ಹೋದರೆ ಎಂಜಿನ್ ಹಿಂದಿನ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ವೈರಿನಲ್ಲಿ ತಾಮ್ರದ ಒಂದೇ ಒಂದು ಎಳೆ ಉಳಿದಿತ್ತು, ಕೂದಲಿನಷ್ಟು ಸಣ್ಣದು. ಸುತ್ತಲಿನ ಎಳೆಗಳು ಹಸಿರು ಪುಡಿಯಾಗಿದ್ದವು. ಮೀಟರಿಗೆ ಆ ಎಳೆ ಸಾಕು, ಕಾಯಿಲ್‌ಗೆ ಸಾಲದು. ಅಂದಿನಿಂದ ವೈರಿಗೆ ಭಾರ ಹೊರಿಸದೆ ನಾನು ತೀರ್ಪು ಹೇಳುವುದಿಲ್ಲ. ಎರಡೂ ಕಪ್ಲರ್ ಬಿಚ್ಚಿರಲಿ. ಬೇರೆ 12 ವೋಲ್ಟ್ ಬ್ಯಾಟರಿ ತಂದು, ಅದರ ಪ್ಲಸ್ಸಿನಿಂದ 21 ವಾಟಿನ ಇಂಡಿಕೇಟರ್ ಬಲ್ಬ್, ಬಲ್ಬಿನಿಂದ ಆ ವೈರು, ವೈರಿನ ಇನ್ನೊಂದು ತುದಿಯಿಂದ ಮೈನಸ್. ಬಲ್ಬ್ ಪೂರ್ತಿ ಬೆಳಗಬೇಕು. ಬೆಳಗುತ್ತಿರುವಾಗ ವೈರಿಂಗನ್ನು ಉದ್ದಕ್ಕೂ ಕೈಯಲ್ಲಿ ಅಲ್ಲಾಡಿಸಿ. ಕಪ್ಲರ್ ಪಿನ್ನಿಗೆ ದಪ್ಪ ಮೊನೆ ತುರುಕಬೇಡಿ. ಹೆಣ್ಣು ಪಿನ್ ಒಮ್ಮೆ ಬಾಯಿ ಬಿಟ್ಟರೆ ಹೊಸ ತೊಂದರೆ ಶುರು. ಅದೇ ಅಳತೆಯ ಟರ್ಮಿನಲ್ ಬಳಸಿ.

ವೈರು ಗೆದ್ದರೆ ಇಸಿಎಂ ಹೊರಗೆ ತೆಗೆದು ಮೀಟರನ್ನು ಡಯೋಡ್ ಮೋಡಿಗೆ ಹಾಕಿ. ನಾಲ್ಕೂ ಕಾಯಿಲ್ ಪಿನ್ನುಗಳಿಂದ ಇಸಿಎಂ ಅರ್ತ್ ಪಿನ್ನಿಗೆ ಅಳೆಯಿರಿ, ಲೀಡ್ ತಿರುಗಿಸಿ ಇನ್ನೊಮ್ಮೆ. ಅಂಕಿ ಎಷ್ಟು ಎನ್ನುವುದಕ್ಕಿಂತ ನಾಲ್ಕೂ ಒಂದೇ ಥರ ಇವೆಯೇ ಎನ್ನುವುದು ಮುಖ್ಯ. ಕೊನೆಗೆ ಎಲ್ಲ ಕಾಯಿಲ್‌ಗಳ ಎರಡು ಪಿನ್ನಿನ ಮಧ್ಯೆ ಓಮ್ಸ್ ಅಳೆಯಿರಿ, ಹಳೆಯದನ್ನೂ ಸೇರಿಸಿ. ಲೀಡ್‌ಗಳದ್ದೇ ರೆಸಿಸ್ಟೆನ್ಸ್ ಕಳೆಯಲು ಮರೆಯಬೇಡಿ, ಇಲ್ಲಿ ಪಾಯಿಂಟ್ ಲೆಕ್ಕವೇ ಎಲ್ಲ.

ಬಿಳಿಗಾಡಿ:

ತುಂಬಾ ಧನ್ಯವಾದ ಅಣ್ಣ. ಎರಡು ದಿನ ಹಿಡಿಯಿತು. ಫಲಿತಾಂಶ:

ಒಂದನೇ ಸಿಲಿಂಡರಿನಲ್ಲಿ ದೀಪ ಚೆನ್ನಾಗಿ ಮಿಣುಕಿತು. ಮೂರನೆಯದರಲ್ಲಿ 12 ವೋಲ್ಟ್ ಇದೆ, ಕಂಟ್ರೋಲ್ ವೈರಿನಲ್ಲಿ ದೀಪ ಹತ್ತಲೇ ಇಲ್ಲ. ಬಲ್ಬ್ ಪರೀಕ್ಷೆಯಲ್ಲಿ ವೈರು ಗೆದ್ದಿತು, ಅಲ್ಲಾಡಿಸಿದರೂ ಬೆಳಕು ಕದಲಲಿಲ್ಲ. ಡಯೋಡ್ ಮೋಡಿನಲ್ಲಿ ಮೂರು ಪಿನ್ನುಗಳಿಗೆ ಹೆಚ್ಚುಕಡಿಮೆ ಒಂದೇ ಅಂಕಿ, ಮೂರನೇ ಸಿಲಿಂಡರಿನದಕ್ಕೆ ಎರಡೂ ಕಡೆಯಿಂದ ಓಪನ್ (ಕರೆಂಟ್ ಹರಿಯುವುದೇ ಇಲ್ಲ). ಕಾಯಿಲ್: ಒಂದು ಮತ್ತು ಎರಡು 0.8 ಓಮ್, ಮೂರರ ಹೊಸದೂ 0.8. ಸೀಳಿದ ಹಳೆಯದು 0.1. ನಾಲ್ಕನೆಯದು 0.4 ತೋರಿಸುತ್ತಿದೆ! ಆ ಸಿಲಿಂಡರ್ ಮಿಸ್ ಆಗುತ್ತಿಲ್ಲ. ಮೂರು ಸಲ ಅಳೆದೆ.

ತಾಮ್ರದೆಳೆ:

ಅಚ್ಚುಕಟ್ಟಾಗಿ ಅಳೆದಿದ್ದೀರಿ. ಇನ್ನು ಅನುಮಾನವಿಲ್ಲ, ಮೂರನೇ ಡ್ರೈವರ್ ಹೋಗಿದೆ. ಹಳೆ ಕಾಯಿಲ್ ಒಳಗೆ ಸುತ್ತುಗಳು ಒಂದಕ್ಕೊಂದು ಬೆಸೆದು 0.1ಕ್ಕೆ ಬಂದಾಗ ಡ್ರೈವರ್ ಮೇಲೆ ತಾಳಲಾರದ ಕರೆಂಟ್ ಹರಿದಿದೆ. ನಾಲ್ಕನೆಯದೂ ಅದೇ ದಾರಿ ಹಿಡಿದಿದೆ. ಇಸಿಎಂ ಮುಟ್ಟುವ ಮೊದಲು ಅದನ್ನು ಬದಲಿಸಿ. ಗ್ಯಾರೇಜಿನವರು ಹೇಳಿದ್ದು ಸರಿಯೇ ಆಯಿತು, ಆದರೆ ಅವರ ಮಾತಿನಂತೆ ನೇರ ಹೊಸದು ಹಾಕಿದ್ದರೆ ನಾಲ್ಕನೆಯದು ಅದನ್ನು ತಿನ್ನುತ್ತಿತ್ತು.

ನಿಮ್ಮ ಸ್ಕ್ಯಾನರ್ ಮಾತಾಡುತ್ತಿದೆ, ಗಾಡಿ ಕೀ ಗುರುತಿಸುತ್ತಿದೆ. ಅಂದರೆ ಪ್ರೊಸೆಸರ್, ಮೆಮೊರಿ ಎರಡೂ ಚೆನ್ನಾಗಿವೆ. ಮೊದಲು ಬೋರ್ಡ್ ರಿಪೇರಿ ಮಾಡುವವರಿಗೆ ತೋರಿಸಿ, ಡ್ರೈವರ್ ಒಂದನ್ನೇ ಬದಲಿಸಲು ಆದರೆ ನಿಮ್ಮ ಡೇಟಾ ಇದ್ದಲ್ಲೇ ಇರುತ್ತದೆ. ಆಗದಿದ್ದರೆ ಲೇಬಲ್ ಮೇಲಿನ ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಎರಡೂ ಹೊಂದುವ ಇಸಿಎಂ ಹುಡುಕಿ, ಹಳೆಯದರ ಮೆಮೊರಿ ಓದಿ ಅದಕ್ಕೆ ಬರೆಸಿ.

ಸಂಜೆಸವಾರ ಅವರೇ, ನಿಮ್ಮದರಲ್ಲಿ ಈ ಕೆಲಸವೇ ಬಿಟ್ಟುಹೋದಂತೆ ಕಾಣುತ್ತದೆ. ನಿಮ್ಮ ಕೀಲಿ ಆ ಇಸಿಎಂಗೆ ಗೊತ್ತಿಲ್ಲ, ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಎಂಜಿನ್ನನ್ನು ನಿಲ್ಲಿಸುತ್ತಿರಬಹುದು. ಕೀ ಆನ್ ಮಾಡಿದಾಗ ಕೀಲಿಯ ಚಿತ್ರದ ದೀಪ ಮಿಣುಕುತ್ತಿದೆಯೇ ನೋಡಿ. ಗಾಡಿಯ ಮೂಲ ಇಸಿಎಂ ಇಟ್ಟುಕೊಂಡಿದ್ದರೆ ದಾರಿ ಇದೆ.

ಗಾಡಿಯಲ್ಲೇ ಬರೆಸುವುದಾದರೆ ಬ್ಯಾಟರಿಗೆ ಸ್ಥಿರ ಸಪ್ಲೈ ಕೊಟ್ಟೇ ಮಾಡಿಸಿ. ಮಧ್ಯದಲ್ಲಿ ವೋಲ್ಟೇಜ್ ಕುಸಿದರೆ ಒಳ್ಳೆಯ ಇಸಿಎಂ ಕೂಡ ಅರ್ಧಕ್ಕೆ ನಿಂತು ಸ್ಕ್ಯಾನರಿಗೆ ಉತ್ತರವೇ ಕೊಡದಂತಾಗುತ್ತದೆ. ಕೂರಿಸುವಾಗ ಕಪ್ಲರಿನ ರಬ್ಬರ್ ಸೀಲ್ ಮಡಚಿಕೊಳ್ಳಬಾರದು, ಲಿವರ್ ಪೂರ್ತಿ ಮಲಗಬೇಕು.

ಬಿಳಿಗಾಡಿ:

ಮುಗಿಯಿತು! ಬೋರ್ಡ್ ತೆರೆದಾಗ ಡ್ರೈವರಿನ ತಲೆ ಒಡೆದು ಸಣ್ಣ ಗುಳಿ ಬಿದ್ದಿತ್ತು, ಅದರ ಅಡಿಯ ತಾಮ್ರದ ಪಟ್ಟಿಯೂ ಸುಟ್ಟು ಎದ್ದಿತ್ತು. ರಿಪೇರಿ ನಿಲ್ಲುವುದಿಲ್ಲ ಎಂದರು. ಅದೇ ನಂಬರಿನದು ಸಿಕ್ಕಿತು, ಡೇಟಾ ಬರೆಸಿ, ನಾಲ್ಕನೇ ಕಾಯಿಲ್ ಬದಲಿಸಿ ಕೂರಿಸಿದೆ. ಮೊದಲ ಸೆಲ್ಫಿಗೇ ಹಿಡಿಯಿತು. ನಡುಕ ಇಲ್ಲ, ಕೋಡ್ ಇಲ್ಲ. ಮೊದಲು ಐಡಲ್ (ಗಾಡಿ ನಿಂತಾಗಿನ ಎಂಜಿನ್ ವೇಗ) 1,200 ಆರ್‌ಪಿಎಂನಲ್ಲೇ ನಿಂತಿತ್ತು. ಸ್ಕ್ಯಾನರಿನಿಂದ ಥ್ರಾಟಲ್ ಲರ್ನಿಂಗ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ ಸ್ಥಾನವನ್ನು ಇಸಿಎಂಗೆ ಕಲಿಸುವುದು) ಮಾಡಿದ ಮೇಲೆ 750ಕ್ಕೆ ಇಳಿಯಿತು. ಹಳೆಯ ಇಸಿಎಂ ಏನು ಮಾಡಲಿ, ಗುಜರಿಗೆ ಹಾಕಲೇ?

ತಾಮ್ರದೆಳೆ:

ಬಹಳ ಸಂತೋಷ. ಗುಜರಿಗೆ ಹಾಕಬೇಡಿ, ನಿಮ್ಮ ಕೀಲಿಯ ಗುರುತು, ಗಾಡಿಯ ನಂಬರು ಅದರೊಳಗೇ ಇವೆ. ಪಿನ್ನುಗಳಿಗೆ ಧೂಳು ಹೋಗದಂತೆ ಮುಚ್ಚಿ ಒಣ ಜಾಗದಲ್ಲಿಡಿ. ಒಂದು ವಾರ ಓಡಿಸಿದ ಮೇಲೆ ನಾಲ್ಕೂ ಕಾಯಿಲ್ ಇನ್ನೊಮ್ಮೆ ಅಳೆದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.